ಅರ್ಧ ಕೊಳ

ನಮ್ಮ ಮನೆಯ ಹಿತ್ತಲಿನ ಕೊಳ ತೊಳೆಯುವುದೆಂದರೆ ಯಾರದಾದರೂ ಮೈಯಿಂದ ರಕ್ತ ಬರಲೇಬೇಕಿತ್ತು. ಮೊದಲ ವರ್ಷ ನಾನು ನೋಡಿದ್ದು ಆಳೊಬ್ಬನ ರಕ್ತ. ಕೆಸರಿನಲ್ಲಿ ಹೂತಿದ್ದ ಮಡಕೆಯ ಚೂರು ಹೊಕ್ಕು ಅವನ ಹಿಮ್ಮಡಿ ಸೀಳಿತ್ತು. ಅವನು ಮೆಟ್ಟಿಲ ಮೇಲೆ ಕಾಲು ಹಿಡಿದುಕೊಂಡು ಕುಳಿತಿದ್ದರೆ, ದೊಡ್ಡಮಾವ ಬಂದು ಆ ಕಾಲಿಗೇ ಬಾರುಕೋಲಿನಿಂದ ಬಿಗಿದರು. "ಕೆಸರಿನ ಮಂಕರಿ ಯಾರ್ಲಾ ಒರ್ತಾರೆ, ನಿಮ್ಮಪ್ಪನಾ?" ಎಂದರು. ನಾನಾಗ ಮದುವೆಯಾಗಿ ಬಂದ ಹೊಸತು. ಬಂಡೂರಿನ ನನ್ನ ತವರಿನಲ್ಲಿ ಕುರಿಗೂ ಹಾಗೆ ಹೊಡೆಯುತ್ತಿರಲಿಲ್ಲ.

ಮದ್ದೂರು ತಾಲ್ಲೂಕಿನ ಕೊಪ್ಪದ ಹತ್ತಿರ ನನ್ನ ಗಂಡನ ಊರು. ಆ ಸೀಮೆಯಲ್ಲಿ ಹಿತ್ತಲಿಗೊಂದು ಬಾವಿ ಇದ್ದರೆ ಅದೇ ದೊಡ್ಡದು. ನಮ್ಮ ಮನೆಗೆ ಈಜುವ ಕೊಳವೇ ಇತ್ತು. ಗಂಡನ ಅಜ್ಜ ಮೈಸೂರಿನಲ್ಲಿ ಯಾರೋ ಶ್ರೀಮಂತರ ತೋಟದಲ್ಲಿ ಅಂಥದ್ದನ್ನು ನೋಡಿ ಬಂದು, ತನಗೂ ಬೇಕೆಂದು ಹಟ ಹಿಡಿದು ಕಟ್ಟಿಸಿದ್ದರಂತೆ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ಸಂದಿಗೆಲ್ಲ ಸುಣ್ಣದ ಗಾರೆ, ತಳದಲ್ಲಿ ಒರತೆ. ಗಂಡಸರು ಮೇಲಿನ ಮೆಟ್ಟಿಲಿನಿಂದ ದುಮುಕಿ ಈಜುತ್ತಿದ್ದರು, ಹೆಂಗಸರು ನಾವು ಬಟ್ಟೆ ಒಗೆಯುತ್ತಿದ್ದೆವು. ಅಜ್ಜ ಸತ್ತ ಮೇಲೆ ಅವರ ಹಟ ಇಬ್ಬರು ಗಂಡುಮಕ್ಕಳಿಗೂ ಸಮನಾಗಿ ಬಂತು.

ಹಿರಿಯ ಮಗನೇ ದೊಡ್ಡಮಾವ. ಅವರ ಮಗನಿಗೆ ನನ್ನ ಅಕ್ಕನನ್ನು ಕೊಟ್ಟಿದ್ದರು. ಕಿರಿಯ ಮಗ ನನ್ನ ಮಾವ. ಅವರ ಮಗನಿಗೆ ನನ್ನನ್ನು ಕೊಟ್ಟರು. ಎರಡು ಹೆಣ್ಣುಗಳೂ ಒಂದೇ ಮನೆ ಸೇರಿದರೆ ಒಬ್ಬರ ಕಷ್ಟಕ್ಕೆ ಒಬ್ಬರು ಆಗುತ್ತಾರೆಂಬುದು ಅಪ್ಪನ ಲೆಕ್ಕಾಚಾರ. ಅವ್ವ ಸತ್ತಾಗ ನನಗೆ ಹಾಲುಹಲ್ಲೂ ಬಿದ್ದಿರಲಿಲ್ಲ. ತಲೆ ಬಾಚಿದ್ದು, ಉಣ್ಣಿಸಿದ್ದು, ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸಿದ್ದು ಎಲ್ಲ ಅಕ್ಕ. ಅವಳು ಬಾವಿಯ ತಳಕ್ಕೆ ಹೋಗಿ ಕಲ್ಲು ಎತ್ತಿಕೊಂಡು ಬರುತ್ತಿದ್ದಳು, ನನಗೆ ಮಾತ್ರ ಈಜು ಹತ್ತಲಿಲ್ಲ. ಅಕ್ಕ ಇರುವ ಮನೆ ಎಂದೇ ನಾನು ಆ ಮದುವೆಗೆ ಅಳದೆ ಒಪ್ಪಿದ್ದು.

ಕೊಳ ತೊಳೆಯುವ ಕ್ರಮವನ್ನು ಈಗಲೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಯುಗಾದಿ ಕಳೆದು ನೀರು ಇಳಿದ ಮೇಲೆ, ಜಾಲಿಯ ಮುಳ್ಳುಕೊಂಬೆಗೆ ಹಗ್ಗ ಕಟ್ಟಿ ನೀರಿನ ಮೇಲೆ ಈ ದಡದಿಂದ ಆ ದಡಕ್ಕೆ ಎಳೆಯಬೇಕು. ಪಾಚಿಯೆಲ್ಲ ಮುಳ್ಳಿಗೆ ಸುತ್ತಿಕೊಂಡು ಬರುತ್ತದೆ. ಆಮೇಲೆ ಏತ ಹೂಡಿ ನೀರು ಎತ್ತಬೇಕು. ಎತ್ತುವಾಗ ಯಾರೂ ಒಳಕ್ಕೆ ಇಳಿಯಕೂಡದು. ಇಳಿದರೆ ಗೋಡು ಕದಡಿ ನೀರಿನ ಜೊತೆ ಹರಿದುಹೋಗುತ್ತದೆ. ಗೋಡು ಎಂದರೆ ತಳದ ಕಪ್ಪು ಹೂಳು, ಗದ್ದೆಗೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಮೊಣಕಾಲುಮಟ್ಟ ನೀರು ಉಳಿದಾಗ ಮೀನು ಹಿಡಿದು ಹಂಡೆಗೆ ತುಂಬುವುದು, ಹಾವು ಕಂಡರೆ ಬಡಿಯುವುದು. ನೀರುಹಾವು ಪಾಪದ್ದು, ಕಚ್ಚಿದರೂ ವಿಷವಿಲ್ಲ. ಆದರೂ ಗಂಡಸರು ಅದನ್ನು ಚಟ್ನಿಯಾಗುವ ಹಾಗೆ ಬಡಿದು, ಕೋಲಿನ ತುದಿಗೆ ಏರಿಸಿ ನಮ್ಮ ಕಡೆ ಬೀಸಿ ನಗುತ್ತಿದ್ದರು.

ಗೋಡಿನ ಮೊದಲ ಮಂಕರಿಯನ್ನು ಮಾತ್ರ ಅವರು ಮುಟ್ಟುವಂತಿರಲಿಲ್ಲ. ಆ ಬಿದಿರು ಬುಟ್ಟಿಗೆ ಅರಿಸಿನ ಕುಂಕುಮ ಇಟ್ಟು, ಮನೆಯ ಸೊಸೆಯರಿಬ್ಬರು ಎರಡು ಕಡೆ ಹಿಡಿದು ಎತ್ತಬೇಕು. ಒಬ್ಬಳೇ ಎತ್ತಿದರೆ ಗಂಗಮ್ಮ ಮುನಿಯುತ್ತಾಳೆ ಎನ್ನುತ್ತಿದ್ದರು. ಆಮೇಲೆ ಆ ಗೋಡು ಪೂರ್ತಿ ಕೈಯಿಂದ ಕೈಗೆ ಮೇಲೇರಿ ಗಾಡಿ ಸೇರುತ್ತಿತ್ತು. ಹೆಂಗಸರು ತಳಕ್ಕಿಳಿದು ಇಟ್ಟಿಗೆ ಪುಡಿ, ತೆಂಗಿನ ನಾರು ಹಾಕಿ ಮೆಟ್ಟಿಲು ಉಜ್ಜಬೇಕು, ಗಾರೆ ಬಿಟ್ಟ ಕಡೆ ಬೆಲ್ಲದ ನೀರಿನಲ್ಲಿ ಕಲಸಿದ ಸುಣ್ಣ ಮೆತ್ತಬೇಕು. ಒರತೆ ತುಂಬಿದ ಮೇಲೆ ಚಿಲ್ಲದ ಬೀಜ ತೇದು ಬಿಟ್ಟರೆ ಕದಡಿದ್ದೆಲ್ಲ ತಳಕ್ಕೆ ಕುಳಿತು, ಕೆಳಗಿನ ಮೆಟ್ಟಿಲಿನ ಉಳಿ ಗುರುತೂ ಕಾಣುತ್ತಿತ್ತು. ಕೈ ಹುಣ್ಣಾಗುತ್ತಿತ್ತು ನಿಜ, ಆದರೆ ಅಕ್ಕನ ಪಕ್ಕ ಕುಳಿತು ಉಜ್ಜುವ ಆ ಕೆಲಸ ನನಗೆ ಬಹಳ ಇಷ್ಟವಾಗಿತ್ತು.

ನಾಲೆ ಬಂದ ಮೇಲೆ ನಮ್ಮೂರಿಗೆ ಭತ್ತ ಬಂತು, ಕಬ್ಬು ಬಂತು, ತಲೆ ಒಡೆಯುವುದೂ ಬಂತು. ನೀರಿನ ಸರದಿ ಯಾರದು ಎಂಬ ಮಾತಿಗೆ ಒಂದು ಬೆಳಿಗ್ಗೆ ಅಣ್ಣತಮ್ಮಂದಿರು ಗದ್ದೆಯ ತೂಬಿನ ಹತ್ತಿರ ಕೈ ಕೈ ಮಿಲಾಯಿಸಿದರು. ದೊಡ್ಡಮಾವ ಗುದ್ದಲಿಯ ಹಿಂಬದಿಯಿಂದ ತಮ್ಮನ ಭುಜಕ್ಕೆ ಹೊಡೆದರು. ನಮ್ಮ ಮಾವ ಅಣ್ಣನ ತೋಳು ಕಚ್ಚಿ ಹಿಡಿದವರು, ಬಿಡಿಸಲು ಬಂದವರು ಮೂಗು ಹಿಚುಕಿ ಉಸಿರು ಕಟ್ಟಿಸುವವರೆಗೂ ಬಾಯಿ ಬಿಡಲಿಲ್ಲ. ಆ ತಿಂಗಳೇ ಮನೆ ಪಾಲಾಯಿತು. ತೊಟ್ಟಿಮನೆಯ ಒಳಅಂಗಳದ ನಡುವೆ ಮಣ್ಣಿನ ಗೋಡೆ ಎದ್ದಿತು. ಕೊಳವನ್ನು ಹೇಗೆ ಕತ್ತರಿಸುವುದೆಂದು ಪಂಚಾಯಿತಿಯವರಿಗೂ ತೋಚದೆ, ಪೂರ್ವದ ಅರ್ಧ ಅಣ್ಣನಿಗೆ, ಪಶ್ಚಿಮದ ಅರ್ಧ ತಮ್ಮನಿಗೆ ಎಂದು ಬಾಯಿಮಾತಿನಲ್ಲಿ ಹೇಳಿ ಎದ್ದುಹೋದರು.

"ಆ ಮನೆಯೋರ ಕೂಡೆ ಮಾತಾಡ್ದೋರ ನಾಲ್ಗೆ ಸೀಳ್ತೀನಿ" ಎಂದು ಮಾವ ನಮಗೆಲ್ಲ ಕೇಳುವಂತೆ ಹೇಳಿದರು. ಗೋಡೆಯ ಆಚೆ ದೊಡ್ಡಮಾವ ತಮ್ಮವರಿಗೆ ಅದನ್ನೇ ಹೇಳುತ್ತಿದ್ದುದು ನಮಗೂ ಕೇಳಿಸಿತು. ಉಳಿದವರ ಮಾತು ಬಿಟ್ಟಿದ್ದಕ್ಕೆ ನನಗೇನೂ ಬೇಜಾರಿರಲಿಲ್ಲ. ಆದರೆ ಅಕ್ಕ ಗೋಡೆಯ ಆಚೆ ಕೆಮ್ಮಿದರೆ ನನಗೆ ಈಚೆ ಅನ್ನ ಇಳಿಯುತ್ತಿರಲಿಲ್ಲ.

ಹಾಗಾಗಿ ಕೊಳವೇ ನಮಗೆ ದಿಕ್ಕಾಯಿತು. ಬೆಳಿಗ್ಗೆ ಅವಳು ಅವಳ ಮೆಟ್ಟಿಲಲ್ಲಿ, ನಾನು ನನ್ನ ಮೆಟ್ಟಿಲಲ್ಲಿ ಬಟ್ಟೆ ತಂದು ಕೂರುತ್ತಿದ್ದೆವು. ತಲೆ ಎತ್ತದೆ, ಬಟ್ಟೆ ಬಡಿಯುವ ಸದ್ದಿನ ನಡುವೆ ಮಾತು ತೂರಿಸುತ್ತಿದ್ದೆವು.

"ಉಂಡ್ಯಾ?"

"ಉಂಡೆ."

"ಏನ್ ಸಾರು?"

"ಉಳ್ಳಿಸಾರು."

"ಒಡದ್ನಾ?"

"ಇಲ್ಲ ಕಣಕ್ಕ."

ನನ್ನ ಗಂಡ ಹೊಡೆಯುವವರಲ್ಲ. ಅಪ್ಪನ ಎದುರು ಬಾಯಿ ಬಿಡದಷ್ಟು ಒಳ್ಳೆಯವರು. ಅಕ್ಕನನ್ನು ನಾನು ಆ ಪ್ರಶ್ನೆ ಕೇಳುತ್ತಿರಲಿಲ್ಲ, ಅವಳ ತೋಳಿನ ಬಾಸುಂಡೆ ಈಚೆಗೇ ಕಾಣುತ್ತಿತ್ತು. ಅವಳ ಗಂಡನಿಗಿಂತ ಅವಳ ಮಾವನ ಕೈಯೇ ಮುಂದು. ಸಾರಿಗೆ ಉಪ್ಪು ಹೆಚ್ಚಾದರೂ ಆ ಮುದುಕನ ಕೈಗೆ ಬಾರುಕೋಲು ಬರುತ್ತಿತ್ತು.

ಯುದ್ಧ ನಡೆಯುತ್ತಿದ್ದ ಕಾಲ ಅದು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸೀರೆ ಕಂಟ್ರೋಲಿನಲ್ಲಿ ಸಿಗುತ್ತಿತ್ತು. ಅಂಥ ಕಾಲದಲ್ಲೂ ನಮ್ಮ ಮಾವ ಮದ್ದೂರಿನಿಂದ ಗಾಡಿಗಟ್ಟಲೆ ಇಟ್ಟಿಗೆ ತರಿಸಿ ಹಿತ್ತಲಲ್ಲಿ ಒಟ್ಟಿದರು. ಊಟಕ್ಕೆ ಕುಳಿತಾಗ ಹೇಳಿದರು: "ಕೊಳದ ನಡುವೆ ಗೋಡೆ ಎತ್ತುಸ್ತೀನಿ, ಆಳೆತ್ತರ. ಅವನ ಮೈ ತೊಳ್ದ ನೀರು ನನ್ನ ಕಡೀಕೆ ಬರ್ಕೂಡ್ದು, ಅವನ ಮೊಕ ನನ್ನ ಕಣ್ಣಿಗೆ ಬೀಳ್ಕೂಡ್ದು." ನನ್ನ ಕೈಯಲ್ಲಿದ್ದ ಸಾರಿನ ಸೌಟು ನೆಲಕ್ಕೆ ಬಿತ್ತು. ಸಾರು ಚೆಲ್ಲಿದ್ದಕ್ಕೆ ಅತ್ತೆ ಬೆನ್ನಿಗೊಂದು ಗುದ್ದಿದರು.

ಮಾರನೆಯ ಬೆಳಿಗ್ಗೆ ಬಟ್ಟೆ ಬಡಿಯುತ್ತಾ ಅಕ್ಕನಿಗೆ ಹೇಳಿದೆ. ಅವಳು ಅದೇ ಸೀರೆಯನ್ನು ಬಡಿಯುತ್ತಲೇ ಇದ್ದಳು. ಅದನ್ನು ಹಿಂಡುತ್ತಾ, "ನಿಂಗೆ ಜ್ವರಗಿರ ಬಂದ್ರೆ ನಂಗೆ ಯಾರೇ ಏಳ್ತಾರೆ?" ಎಂದಳು. ನಾನು ಅಲ್ಲೇ ಕುಳಿತು ಬಟ್ಟೆ ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟೆ.

ಗೋಡೆಗೆ ಪಾಯ ತೆಗೆಯಬೇಕಾದರೆ ಕೊಳ ಬರಿದಾಗಬೇಕು. ಹೇಗೂ ತೊಳೆಯುವ ಕಾಲವೂ ಬಂದಿತ್ತು. ಆದರೆ ದೊಡ್ಡಮಾವ ತಮ್ಮ ಅರ್ಧದ ನೀರು ಎತ್ತಲು ಒಪ್ಪಲಿಲ್ಲ. "ನನ್ನ ನೀರು ನನ್ನ ಕಡೆ ಇರ್ಲಿ. ಒಂದು ಚೆಂಬು ಎತ್ತಿದ್ರೂ ಕೈ ಕತ್ತರುಸ್ತೀನಿ" ಎಂದು ಹೇಳಿ ಕಳಿಸಿದರು. ಬೇರೆ ಸೀಮೆಯವರಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ನಮ್ಮ ಮಾವ, "ಸರಿ, ನನ್ನ ಅರ್ಧ ನಾನು ತೊಳಕತೀನಿ ಬುಡು" ಎಂದರು. ಕೊಳದ ನಡುವೆ, ನೀರಿನಲ್ಲೇ, ಮಣ್ಣಿನ ಬದು ಹಾಕಿ ತಮ್ಮ ಅರ್ಧವನ್ನು ಮಾತ್ರ ಬರಿದು ಮಾಡುವುದೆಂದು ತೀರ್ಮಾನವಾಯಿತು. ಗದ್ದೆಗೆ ಬದು ಹಾಕಿ ಬದುಕಿದವರಿಗೆ ನೀರಿಗೂ ಹಾಕಬಹುದು ಅನ್ನಿಸಿತ್ತು.

ನಡು ಯಾವುದು ಎಂದು ಗುರುತಿಸಲು ಹಗ್ಗ ಎಳೆದರು. ಬೇರೆಯವರು ಹಿಡಿದರೆ ಮೋಸವಾಗುತ್ತದೆಂದು ಒಂದು ತುದಿಯನ್ನು ದೊಡ್ಡಮಾವನೇ ಹಿಡಿದರು, ಇನ್ನೊಂದನ್ನು ನಮ್ಮ ಮಾವ. ಪಾಲಾದ ಮೇಲೆ ಅವರಿಬ್ಬರೂ ಸೇರಿ ಮಾಡಿದ ಕೆಲಸ ಅದೊಂದೇ. ಬಿದಿರಿನ ಗೂಟ ಹೊಡೆದು, ಗೋಣಿಚೀಲಕ್ಕೆ ಜೇಡಿಮಣ್ಣು ತುಂಬಿ ಪೇರಿಸಿ, ಮೇಲೆ ಮತ್ತೆ ಮಣ್ಣು ಮೆತ್ತಿ ತುಳಿದರು. ಒಂದು ಚೀಲ ಒಂದು ಗೇಣು ಆಚೆ ಜರುಗಿದ್ದಕ್ಕೆ ದೊಡ್ಡಮಾವ ಕಲ್ಲು ಬೀರಿದರು, ಅದು ತುಳಿಯುತ್ತಿದ್ದ ಆಳಿನ ಹಣೆಗೆ ಬಿತ್ತು. ಆಳುಗಳೆಲ್ಲ ಗುದ್ದಲಿ ಅಲ್ಲೇ ಬಿಟ್ಟು ಹೊರಟುಹೋದರು. ಮಿಕ್ಕ ಕೆಲಸ ಮನೆಯವರ ಪಾಲಿಗೆ ಬಂತು.

ನನ್ನ ಗಂಡ ಏತ ತುಳಿದರು. ನಮ್ಮ ಅರ್ಧ ಇಳಿಯುತ್ತಾ ಬಂತು, ಆಚೆಯ ಅರ್ಧ ಎದೆಮಟ್ಟಕ್ಕಿಂತ ಹೆಚ್ಚು ನಿಂತೇ ಇತ್ತು. ಮಂಕರಿಗೆ ಅರಿಸಿನ ಕುಂಕುಮ ಇಟ್ಟ ಅತ್ತೆ, "ಇನ್ನೊಬ್ಬಳು ಬೇಕಲ್ಲ" ಎಂದು ಅನುಮಾನಿಸಿದರು. ಮಾವ, "ಒಬ್ಳೇ ಎತ್ತಲಿ, ಕೈಯೇನು ಸೇದೋಗಿದ್ದಾ?" ಎಂದರು. ಬದುವಿನ ಆಚೆ ಅಕ್ಕ ಬಟ್ಟೆ ಹಿಡಿದುಕೊಂಡು ನಿಂತಿದ್ದಳು. ನಾನು ಅವಳನ್ನೇ ನೋಡುತ್ತಾ ಮೊದಲ ಮಂಕರಿಯನ್ನು ಒಬ್ಬಳೇ ಎತ್ತಿದೆ.

ಮಧ್ಯಾಹ್ನದ ಹೊತ್ತಿಗೆ ನಾನು ತಳದಲ್ಲಿದ್ದೆ. ಮೊಣಕಾಲಿನವರೆಗೆ ಗೋಡಿನಲ್ಲಿ ಹೂತು ನಿಂತು ಕೆಳಗಿನ ಮೆಟ್ಟಿಲು ಉಜ್ಜುತ್ತಿದ್ದೆ. ಬದುವಿನ ಬುಡದ ಒಂದು ಚೀಲ ಜಿನುಗತೊಡಗಿತು. ತಮ್ಮ ಕಡೆಯ ಮೆಟ್ಟಿಲಲ್ಲಿ ಬೆಳಗಿನಿಂದ ಕಾವಲು ಕುಳಿತಿದ್ದ ದೊಡ್ಡಮಾವ ತಮ್ಮನನ್ನು ಕೂಗಿ, "ಲೇ, ನಿನ್ನ ಬದು ಉಚ್ಚೆ ಊಯ್ತಾದೆ ನೋಡ್ಲಾ" ಎಂದು ನಕ್ಕರು. ಮಾವ ಅಲ್ಲಿಗೆ ಮಣ್ಣು ಮೆತ್ತಲು ನನಗೇ ಹೇಳಿದರು. ನಾನು ಗೋಡಿನಿಂದ ಕಾಲು ಕೀಳಲು ನೋಡಿದೆ. ಒಂದು ಕಾಲು ಬಂತು, ಇನ್ನೊಂದು ಬರಲಿಲ್ಲ.

ಬದು ಒಮ್ಮೆಗೇ ಬಿತ್ತು. ಕೂಗಲೂ ಸಮಯವಿರಲಿಲ್ಲ. ನೀರು, ಚೀಲ, ಬಿದಿರಿನ ಗೂಟ ಎಲ್ಲ ಒಟ್ಟಿಗೆ ಬಂದು ಎದೆಗೆ ಬಡಿದವು. ಹಿಂದಕ್ಕೆ ಬಿದ್ದೆ, ಕಾಲು ಮಾತ್ರ ಗೋಡಿನಲ್ಲೇ ಇತ್ತು. ಬಾಯಿಗೆ ಕೆಸರು ನುಗ್ಗಿತು. ಕಣ್ಣು ಬಿಟ್ಟರೆ ಕಪ್ಪು. ಸಾಯುತ್ತೇನೆ ಎಂದು ತಿಳಿಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಈ ಮುದುಕರ ಹಟಕ್ಕೆ ನಾನೇಕೆ ಸಾಯಬೇಕು ಎಂದು. ಅಷ್ಟರಲ್ಲಿ ಯಾರೋ ನನ್ನ ಕಾಲನ್ನು ಬುಡದಿಂದ ಬಗೆದು ಕಿತ್ತರು. ಜಡೆ ಹಿಡಿದು ಎಳೆದರು. ಮೇಲೆ ಬಂದಾಗ ನೋಡಿದೆ, ಅಕ್ಕ.

ಅವಳು ತನ್ನ ಮೆಟ್ಟಿಲಿನಿಂದ ದುಮುಕಿ, ಬದು ಒಡೆದ ಜಾಗದಲ್ಲೇ ತೂರಿ ನಮ್ಮ ಅರ್ಧಕ್ಕೆ ಬಂದಿದ್ದಳು. ನನ್ನ ಗಂಡ ಏತದಿಂದ ಇಳಿದು ನೀರಿಗೆ ಬೀಳುವಷ್ಟರಲ್ಲಿ ಅವಳು ನನ್ನನ್ನು ತನ್ನ ಕಡೆಯ ಮೆಟ್ಟಿಲಿಗೇ ಎಳೆದು ಹಾಕಿದ್ದಳು. ಬೋರಲು ಮಲಗಿಸಿ ಬೆನ್ನು ಗುದ್ದಿದಳು. ನಾನು ಕೆಸರುನೀರು ಕಕ್ಕಿದೆ.

ದೊಡ್ಡಮಾವ ಬಾರುಕೋಲು ಮೆಟ್ಟಿಲ ಮೇಲಿಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು ಇಳಿದು ಬಂದರು. ಅಕ್ಕನ ಮುಡಿ ಹಿಡಿದು ನಿಲ್ಲಿಸಿದರು. "ಆ ಮನೆಯೋಳ್ನ ಎತ್ತಕ್ಕಾ ನಾನು ನಿಂಗೆ ಅನ್ನ ಇಕ್ಕಿದ್ದು?" ಎಂದು ಅಂಗೈ ಚಪ್ಪಟೆ ಮಾಡಿ ಕಿವಿಯ ಮೇಲೆ ಹೊಡೆದರು. ಆ ಕಡೆ, ಈ ಕಡೆ, ಮತ್ತೆ ಆ ಕಡೆ. ಅಕ್ಕನ ಕಿವಿಯೊಳಗೆ ಕೊಳದ ಕೆಸರುನೀರು ಇನ್ನೂ ಇತ್ತು. ಅವಳ ಗಂಡ ಅಲ್ಲೇ ನಿಂತು ನೆಲ ನೋಡುತ್ತಿದ್ದ. ಅವಳು ಕೈ ಅಡ್ಡ ಹಿಡಿಯಲಿಲ್ಲ, ನನ್ನ ಕಡೆಗೇ ನೋಡುತ್ತಿದ್ದಳು. ಬಲಗಿವಿಯಿಂದ ರಕ್ತ ಕತ್ತಿಗೆ ಇಳಿಯಿತು.

ಬಾರುಕೋಲು ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಮೊದಲ ಏಟು ಬೆನ್ನಿಗೆ ಕೊಟ್ಟೆ. ಅವರು ತಿರುಗಿದರು. ಎರಡನೆಯದನ್ನು ಮುಖಕ್ಕೇ ಕೊಟ್ಟೆ. ಮೂಗಿನ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು, ನನಗೆ ಸಂತೋಷವಾಯಿತು. ಕೆಳಕ್ಕೆ ಬಿದ್ದ ಮೇಲೂ ಬಿಡಲಿಲ್ಲ. ತೊಡೆಗೆ, ತೋಳಿಗೆ, ಹೊಡೆದ ಆ ಅಂಗೈಗಳಿಗೆ ಹೊಡೆದೆ. ಸೊಸೆಯಾದವಳು ಹಿರಿಯರ ಮೇಲೆ ಕೈ ಮಾಡಬಾರದೆಂದು ಆಮೇಲೆ ಎಷ್ಟೋ ಜನ ನನಗೆ ಬುದ್ಧಿ ಹೇಳಿದ್ದಾರೆ. ಅವರಲ್ಲಿ ಒಬ್ಬರೂ ಆ ಮೆಟ್ಟಿಲ ಮೇಲೆ ಇರಲಿಲ್ಲ. ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಅಣ್ಣನಿಗೆ ತನ್ನ ಸೊಸೆ ಹೊಡೆಯುತ್ತಿರುವುದನ್ನು ನೋಡಿ ನಮ್ಮ ಮಾವನಿಗೆ ಖುಷಿಪಡಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಕೊನೆಗೆ ಸಿಟ್ಟಾದರು. ಓಡಿ ಬಂದು, "ನಮ್ಮಣ್ಣನ ಮೇಲೆ ಕೈ ಮಾಡಕೆ ನೀನ್ಯಾರೇ?" ಎಂದು ನನ್ನನ್ನು ಒದ್ದರು. ಆ ಅಣ್ಣ ಎದ್ದವರೇ ತಮ್ಮನ ಕಾಲು ಹಿಡಿದು ಎಳೆದು ಕೆಸರಿಗೆ ಕೆಡವಿದರು. ಇಬ್ಬರೂ ಸೊಂಟದ ಮಟ್ಟದ ನೀರಿನಲ್ಲಿ ಒಬ್ಬರ ತಲೆಯನ್ನೊಬ್ಬರು ಅದುಮಿ ಮುಳುಗಿಸತೊಡಗಿದರು. ಅಕ್ಕನ ಗಂಡನ ಕೈಗೆ ಆಗ ಬಿದಿರಿನ ಗೂಟ ಬಂತು, ಅದರಿಂದ ನನ್ನ ಗಂಡನ ತೋಳು ಮುರಿಯಿತು. ಊರಿನವರು ಬಂದು ಬಿಡಿಸುವಷ್ಟರಲ್ಲಿ ಕೊಳದ ನೀರು ಸಾರಿನ ಬಣ್ಣಕ್ಕೆ ತಿರುಗಿತ್ತು.

ಅಕ್ಕನನ್ನು ಒಳಗೆ ಕೂಡಿಹಾಕಿದರು. ಗೋಡೆಯ ಆಚೆ ಅವಳು ನರಳುವುದು ಕೇಳುತ್ತಿತ್ತು. ನಾನು ಗೋಡೆಗೆ ಬಾಯಿ ಹಚ್ಚಿ ಕರೆದೆ, ಅವಳು ಓಗೊಡಲಿಲ್ಲ. ಹೆದರಿದ್ದಾಳೆ ಅಂದುಕೊಂಡೆ.

ಗಾಯಗಳು ಒಣಗಿದ ಮೇಲೆ ಅರಳಿಕಟ್ಟೆಯಲ್ಲಿ ನ್ಯಾಯ ಸೇರಿತು. ದೊಡ್ಡಮಾವ ಮೂಗಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದರು. ನಾನು ಎಲ್ಲರ ಎದುರು ಅವರ ಕಾಲಿಗೆ ಬೀಳಬೇಕು, ಇಲ್ಲದಿದ್ದರೆ ನನ್ನನ್ನು ತವರಿಗೆ ಅಟ್ಟಬೇಕು ಎಂದು ಹಿರಿಯರು ಹೇಳಿದರು. ನಮ್ಮ ಮಾವನೂ ಹೌದೆಂದು ತಲೆ ಆಡಿಸಿದರು. ಹೆಂಗಸರು ಅಲ್ಲಿ ಮಾತಾಡುವ ಪದ್ಧತಿಯಿಲ್ಲ, ನಾನು ಮಾತಾಡಿದೆ.

"ಬೀಳ್ತೀನಿ. ಕೊಳಕ್ಕೆ ಗೋಡೆ ಆಕಬ್ಯಾಡಿ. ಮೊದಲ್ನೆ ಮಂಕರಿ ನನ್ನ ಕೈಲಿ ಒಬ್ಳ ಕೈಲೇ ಎತ್ತುಸುದ್ರು. ಗಂಗಮ್ಮ ಮುನುಕೊಂಡ್ಳು. ಗೋಡೆ ಆದ್ರೆ ವರ್ಸ ವರ್ಸನೂ ಒಬ್ಬೊಬ್ರೇ ಎತ್ಬೇಕು. ಮುಂದ್ಲ ವರ್ಸ ಯಾರ ಎಣ ಎತ್ತೀರಿ?"

ಗಂಗಮ್ಮ ಮುನಿದಳೋ ಇಲ್ಲವೋ ನನಗೆ ತಿಳಿಯದು. ಹಸಿ ಮಣ್ಣಿನ ಬದು ಅಷ್ಟು ನೀರು ತಡೆಯುವುದಿಲ್ಲವೆಂದು ತಿಳಿದಿತ್ತು. ಆದರೆ ಹಿರಿಯರ ಮುಖ ಬಿಳಿಚಿಕೊಂಡಿತು, ನಮ್ಮ ಮಾವನ ಮುಖವೂ ಬಿಳಿಚಿಕೊಂಡಿತು. ಗೋಡೆ ಬೇಡ, ಕೊಳ ಒಂದೇ ಇರಲಿ, ಎರಡು ಮನೆಯವರೂ ಸೇರಿ ತೊಳೆಯಲಿ, ಸೊಸೆಯರಿಬ್ಬರೂ ಕೂಡಿ ಮಂಕರಿ ಎತ್ತಲಿ, ಅವರ ಮಾತುಕತೆಗೆ ಯಾರೂ ಅಡ್ಡ ಬರಕೂಡದು ಎಂದು ತೀರ್ಪಾಯಿತು. ನಾನು ದೊಡ್ಡಮಾವನ ಕಾಲಿಗೆ ಬಿದ್ದೆ. ಹಣೆ ಮಣ್ಣಿಗೆ ತಾಗಿಸಿದೆ. ಒಳಗೊಳಗೇ ಗೆದ್ದೆ ಎಂದುಕೊಂಡೆ.

ಆ ವಾರವೇ ಕೊಳವನ್ನು ಪೂರ್ತಿ ಬರಿದು ಮಾಡಿದರು. ಅಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು ಇಳಿದು ಬಂದಳು, ಬಹಳ ಸೊರಗಿದ್ದಳು. ಹತ್ತಿರ ಬಂದಾಗ ಕೀವಿನ ವಾಸನೆ ಬಂತು. ಇಬ್ಬರೂ ಮಂಕರಿ ಎತ್ತಿಕೊಟ್ಟು ಒಂದೇ ಮೆಟ್ಟಿಲಲ್ಲಿ ಕುಳಿತು ಉಜ್ಜತೊಡಗಿದೆವು. ನಾನು ತಡೆಯಲಾರದೆ ಒಂದೇ ಸಮನೆ ಮಾತಾಡಿದೆ. ಗೋಡೆ ಇಲ್ಲ ಕಣಕ್ಕ, ಇನ್ನು ದಿನಾ ಮಾತಾಡಬಹುದು, ಯಾರೂ ಕೇಳುವಂತಿಲ್ಲ, ನಾನೇ ನ್ಯಾಯ ಕೇಳಿ ಗೆದ್ದೆ ಎಂದೆ. ಅವಳು ಉಜ್ಜುತ್ತಲೇ ಇದ್ದಳು. ತೋಳು ಹಿಡಿದು ಅಲುಗಿಸಿದೆ. ತಿರುಗಿ ನನ್ನ ಬಾಯಿಯನ್ನೇ ನೋಡಿದಳು. ಮತ್ತೆ ಕೂಗಿ ಹೇಳಿದೆ. ಮೇಲೆ ಮಂಕರಿ ಹೊರುತ್ತಿದ್ದವರೆಲ್ಲ ನಿಂತು ನೋಡಿದರು.

ಆಮೇಲೆ ಮಂಡ್ಯದ ಡಾಕ್ಟರಿಗೂ ತೋರಿಸಿದೆವು, ಎರಡೂ ಕಿವಿಯ ತಮಟೆ ಹೋಗಿದೆ, ಒಳಗೆಲ್ಲ ಕೊಳೆತಿದೆ ಎಂದರು. ಅದನ್ನು ಅವರು ಹೇಳಬೇಕಾಗಿರಲಿಲ್ಲ. ಕೊಳದ ತಳದಲ್ಲೇ ಅಕ್ಕ ಹೇಳಿಬಿಟ್ಟಿದ್ದಳು. ಕೆಸರು ಮೆತ್ತಿದ ಕೈಯಲ್ಲಿ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಏನೂ ಕೇಳದಿಲ್ಲ ಕಣಮ್ಮಿ. ನೀನು ಮಾತಾಡ್ತಾ ಇರು, ನಾನು ನಿನ್ನ ಮೊಕ ನೋಡ್ತಾ ಇರ್ತೀನಿ" ಎಂದಳು.